ಗಾಜಿನ ಮೀನುತೊಟ್ಟಿಗೆ ಕೋಡಿ ಕೊರೆಯುವ ಕ್ರಮ

ಬೆಂಗಳೂರಿನ ಹನುಮಂತನಗರ, ಗವಿಪುರ, ಬಸವನಗುಡಿ ಮೊದಲಾದ ಹಳೆಯ ಬಡಾವಣೆಗಳಲ್ಲಿ ಮನೆಯ ಮುಂದಣ ಕೊಠಡಿಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಬಹುಕಾಲದಿಂದ ನಡೆದುಬಂದಿರುತ್ತದೆ. ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ಸರ್ಕಾರಿ ಮತ್ಸ್ಯಾಲಯವು ತೆರೆಯಲ್ಪಟ್ಟ ತರುವಾಯ ನಗರದ ಮಕ್ಕಳಲ್ಲಿ ಈ ಅಭಿರುಚಿಯು ಮತ್ತಷ್ಟು ಬೆಳೆಯಿತೆನ್ನಬಹುದು. ಹವ್ಯಾಸದಿಂದ ಆರಂಭಿಸಿದವರಲ್ಲಿ ಕೆಲವರು ಮಹಡಿಯ ಮೇಲೋ ಮನೆಯ ಪಕ್ಕದ ಮಾಡಿನಡಿಯಲ್ಲೋ ಕಬ್ಬಿಣದ ಅಟ್ಟಣಿಗೆಯನ್ನು ನಿಲ್ಲಿಸಿ, ಹತ್ತು ಹನ್ನೆರಡು ತೊಟ್ಟಿಗಳನ್ನು ಸಾಲಾಗಿಟ್ಟು, ಗಪ್ಪಿ, ಮೋಲಿ, ಏಂಜೆಲ್ ಮುಂತಾದ ಜಾತಿಗಳ ಮರಿಗಳನ್ನು ಬೆಳೆಸಿ ಅಂಗಡಿಗಳಿಗೆ ಒದಗಿಸುವ ಉಪಕಸುಬನ್ನು ಕೈಗೊಳ್ಳುವುದೂ ಉಂಟು.

ಒಂದೆರಡು ತೊಟ್ಟಿಗಳಾದರೆ ರಬ್ಬರು ಕೊಳವೆಯಿಂದ ಕೊಳೆ ನೀರನ್ನು ಬಕೀಟಿಗೆ ಇಳಿಸಿ, ಹೊಸ ನೀರನ್ನು ತಂಬಿಗೆಯಿಂದ ತುಂಬಬಹುದು. ಹನ್ನೆರಡು ತೊಟ್ಟಿಗಳಿಗೆ ಈ ಕ್ರಮವು ಸಾಗುವುದಿಲ್ಲ. ಆಗ ಎಲ್ಲ ತೊಟ್ಟಿಗಳ ನೀರೂ ಕೆಳಗಿನ ಒಂದೇ ಸೋಸುತೊಟ್ಟಿಗೆ ಹರಿದು, ಅಲ್ಲಿ ಶುದ್ಧವಾಗಿ, ಪಂಪಿನ ಮೂಲಕ ಪುನಃ ಮೇಲೇರುವ ಏರ್ಪಾಡು ಬೇಕಾಗುತ್ತದೆ. ಈ ಏರ್ಪಾಡಿಗೆ ಗಾಜಿನಲ್ಲಿ ರಂಧ್ರ ಕೊರೆದು ಕೊಳವೆಯನ್ನು ಜೋಡಿಸುವುದು ಅವಶ್ಯಕ. ಗಾಜನ್ನು ಕೊರೆಯುವುದೆಂದರೆ ಸಾಮಾನ್ಯ ಜನರಿಗೆ ಭಯ. ಅದು ಒಡೆದೇ ತೀರುವುದೆಂದು ಅವರು ಭಾವಿಸುತ್ತಾರೆ. ವಾಸ್ತವವಾಗಿ, ತಕ್ಕ ಬೈರಿಗೆಯೂ ನೀರೂ ತಾಳ್ಮೆಯೂ ಇದ್ದಲ್ಲಿ ರಂಧ್ರ ಕೊರೆಯುವುದು ಹತ್ತು ನಿಮಿಷದ ಕೆಲಸ. ಹೆಚ್ಚಿನ ನಷ್ಟವು ಉಂಟಾಗುವುದು ಬೇರೆ ಕಾರಣದಿಂದ. ರಂಧ್ರವನ್ನು ಅಂದವಾಗಿ ಕೊರೆದಿದ್ದರೂ ಅದು ಇರತಕ್ಕ ಸ್ಥಳದಲ್ಲಿರುವುದಿಲ್ಲ. ರಾತ್ರಿ ಕರೆಂಟು ಹೋದಾಗ ತೊಟ್ಟಿಯ ನೀರು ಮನೆಯ ನೆಲಕ್ಕೆ ಬರುತ್ತದೆ. ಆದುದರಿಂದ ಬೈರಿಗೆಯನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚಿತವಾಗಿ ಸ್ಥಳದ ವಿಚಾರವನ್ನು ತಿಳಿಯತಕ್ಕದ್ದು.

ಕೋಡಿಯೂ ತೂಬೂ.— ಕೆರೆಯ ವಿಚಾರವನ್ನು ಬಲ್ಲವರಿಗೆ ಇದು ಕಷ್ಟವಲ್ಲ. ಹನುಮಂತನಗರಕ್ಕೆ ಸಮೀಪದಲ್ಲಿಯೇ ಇರುವ ಕೆಂಪಾಂಬುಧಿಯಂತಹ ಹಳೆಯ ಕೆರೆಗಳನ್ನು ಕಟ್ಟಿದವರು ನೀರು ಹೊರಹೋಗಲು ಎರಡು ಬಗೆಯ ದಾರಿಗಳನ್ನು ಬಲ್ಲವರಾಗಿದ್ದರು. ಏರಿಯ ಬುಡದಲ್ಲಿರುವುದು ತೂಬು. ಅದನ್ನು ತೆರೆದಿಟ್ಟರೆ ಕೆರೆಯು ಬರಿದಾಗುವವರೆಗೂ ನೀರು ಹರಿಯುತ್ತದೆ. ಮೇಲ್ಮಟ್ಟದಲ್ಲಿರುವುದು ಕೋಡಿ, ಅದು ಹೆಚ್ಚಾದ ನೀರನ್ನು ಮಾತ್ರ ಹೊರಕ್ಕೆ ಬಿಟ್ಟು, ಮಟ್ಟವು ತನ್ನ ಅಂಚಿಗೆ ಇಳಿದೊಡನೆ ತಾನಾಗಿಯೇ ನಿಲ್ಲುತ್ತದೆ. ತೂಬಿಗೆ ಕಾವಲುಗಾರ ಬೇಕು, ಕೋಡಿಗೆ ಬೇಡ.

ಮೀನುತೊಟ್ಟಿಯ ತಳದಲ್ಲಿ ಕೊರೆದ ರಂಧ್ರವು ತೂಬಿನಂತೆ. ಹಿಂಬದಿಯ ಗಾಜಿನ ಮೇಲ್ಭಾಗದಲ್ಲಿ ಕೊರೆದ ರಂಧ್ರವು ಕೋಡಿಯಂತೆ. ತಳದ ರಂಧ್ರದಲ್ಲಿ ನೇರವಾಗಿ ಎತ್ತರದ ಕೊಳವೆಯೊಂದನ್ನು ನಿಲ್ಲಿಸಿ ಅದನ್ನೇ ಕೋಡಿಯಾಗಿ ಮಾಡಿಕೊಳ್ಳುವ ಪದ್ಧತಿಯೂ ಇದೆ. ಆದರೆ ಆ ಕೊಳವೆ ಕಳಚಿಕೊಂಡಲ್ಲಿ, ಅಥವಾ ತಳದ ವಾಷರು ಸೋರಿದಲ್ಲಿ, ಇಡೀ ತೊಟ್ಟಿಯ ನೀರೂ ಮೀನುಗಳೂ ಅಪಾಯಕ್ಕೆ ಗುರಿಯಾಗುತ್ತವೆ. ಮೇಲಿನ ರಂಧ್ರದ ವಾಷರು ಸೋರಿದರೆ ನಷ್ಟವಾಗುವುದು ಕೆಲವು ಲೀಟರ್ ಮಾತ್ರ. ಆದಕಾರಣ ಮನೆಯೊಳಗಿನ ತೊಟ್ಟಿಗಳಿಗೆ ಹಿಂಬದಿಯ ಮೇಲ್ಭಾಗದ ರಂಧ್ರವೇ ಪ್ರಶಸ್ತವಾದುದು.

ಒತ್ತಡದ ಲೆಕ್ಕವೂ ಇದನ್ನೇ ಸಮರ್ಥಿಸುತ್ತದೆ. 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ತೊಟ್ಟಿಯಲ್ಲಿ 42 ಸೆಂಟಿಮೀಟರ್ ನೀರು ನಿಂತಿರುವುದೆಂದು ಭಾವಿಸಿದರೆ, ನೀರಿನ ಪ್ರಮಾಣವು ಸುಮಾರು 225 ಲೀಟರ್. ಹಿಂಬದಿಯ ಗಾಜನ್ನು ಈ ನೀರು ಒಟ್ಟು ಸುಮಾರು 105 ಕಿಲೋಗ್ರಾಂ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಈ ಬಲವು ಎಲ್ಲ ಕಡೆಯೂ ಸಮನಾಗಿ ಹಂಚಿರುವುದಿಲ್ಲ. ನೀರಿನ ಮೇಲ್ಮೈಯಿಂದ 6 ಸೆಂಟಿಮೀಟರ್ ಕೆಳಗೆ ಪ್ರತಿ ಚದರ ಸೆಂಟಿಮೀಟರಿಗೆ 6 ಗ್ರಾಂ ಇರುವ ಒತ್ತಡವು ತಳದಲ್ಲಿ 42 ಗ್ರಾಂ, ಎಂದರೆ ಏಳರಷ್ಟು, ಆಗಿರುತ್ತದೆ.

ಸಂಪಿನ ಲೆಕ್ಕ.— ಬೆಂಗಳೂರಿನ ಮನೆಗಳಲ್ಲಿ ನೆಲದಡಿಯ ಸಂಪಿನಿಂದ ಮಹಡಿಯ ಟ್ಯಾಂಕಿಗೆ ನೀರೇರಿಸುವ ಕ್ರಮವು ಎಲ್ಲರಿಗೂ ತಿಳಿದುದೇ. ಮೀನುತೊಟ್ಟಿಯ ಏರ್ಪಾಡು ಅದಕ್ಕೆ ಹೋಲುತ್ತದೆ. ಮೀನುಸಾಕಣೆಯವರು ಕೆಳಗಿನ ಸೋಸುತೊಟ್ಟಿಯನ್ನು ಸಂಪು ಎಂದೇ ಕರೆಯುತ್ತಾರೆ. ವ್ಯತ್ಯಾಸವೇನೆಂದರೆ, ಇಲ್ಲಿ ಪಂಪು ಹಗಲಿರುಳೂ ಓಡುತ್ತಿರುತ್ತದೆ, ಮೇಲಿನ ನೀರು ಕೋಡಿಯ ಮೂಲಕ ಹಗಲಿರುಳೂ ಕೆಳಗಿಳಿಯುತ್ತಿರುತ್ತದೆ.

ಕರೆಂಟು ನಿಂತಾಗ ಏನಾಗುವುದೆಂಬುದೇ ಮುಖ್ಯವಾದ ಪ್ರಶ್ನೆ. ಪಂಪು ಓಡುವಾಗ ನೀರಿನ ಮಟ್ಟವು ಕೋಡಿಯ ಅಂಚಿಗಿಂತ ಒಂದೆರಡು ಸೆಂಟಿಮೀಟರ್ ಮೇಲಿರುತ್ತದೆ. ಪಂಪು ನಿಂತೊಡನೆ ಈ ಹೆಚ್ಚಿನ ನೀರು ಕೆಳಗಿಳಿಯುತ್ತದೆ. ಮೇಲೆ ಹೇಳಿದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಎಂದರೆ 5.4 ಲೀಟರ್, ಎರಡು ಸೆಂಟಿಮೀಟರಿಗೆ ಸುಮಾರು 11 ಲೀಟರ್. ಇಷ್ಟಕ್ಕೆ ಸಂಪಿನಲ್ಲಿ ಜಾಗವಿದ್ದರೆ ತೊಂದರೆಯಿಲ್ಲ. ಆದರೆ ಪಂಪಿನಿಂದ ಮೇಲೆ ಬರುವ ಕೊಳವೆಯ ಬಾಯಿ ನೀರಿನೊಳಗೆ ಮುಳುಗಿದ್ದರೆ, ಪಂಪು ನಿಂತ ಮೇಲೆ ಅದೇ ಕೊಳವೆಯು ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯಲು ತೊಡಗುತ್ತದೆ. ಬಾಯಿಯು 10 ಸೆಂಟಿಮೀಟರ್ ಆಳದಲ್ಲಿದ್ದರೆ 54 ಲೀಟರ್ ನೀರು ಇಳಿಯುವವರೆಗೂ ಅದು ನಿಲ್ಲದು. 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ ಸಂಪು 96 ಲೀಟರ್ ಹಿಡಿಯುತ್ತದೆ. ಅದರಲ್ಲಿ 25 ಸೆಂಟಿಮೀಟರ್ ಮಟ್ಟಕ್ಕೆ 60 ಲೀಟರ್ ನೀರು ಮೊದಲೇ ಇದ್ದರೆ ಉಳಿಯುವ ಜಾಗವು 36 ಲೀಟರ್ ಮಾತ್ರ. ಬರುವುದು 54, ಉಳಿದ 18 ಲೀಟರ್ ನೆಲದ ಪಾಲು. ಪಂಪು, ದೀಪ ಮುಂತಾದವುಗಳ ವಿದ್ಯುತ್ ಪ್ಲಗ್ಗುಗಳು ಸಾಧಾರಣವಾಗಿ ಇದೇ ನೆಲದ ಹತ್ತಿರ ಇರುವುದರಿಂದ ಕೆಡುಕು ನೆಲ ಒದ್ದೆಯಾಗುವುದರಲ್ಲಿಯೇ ಮುಗಿಯುವುದಿಲ್ಲ.

ಇದಕ್ಕೆ ಪರಿಹಾರವು ಸುಲಭ. ಮೇಲೆ ಬರುವ ಕೊಳವೆಯಲ್ಲಿ, ನೀರಿನ ಮೇಲ್ಮೈಗೆ ಸ್ವಲ್ಪವೇ ಕೆಳಗೆ, ಚಿಕ್ಕ ತೂತೊಂದನ್ನು ಮಾಡಬೇಕು. ನೀರು ಆ ತೂತಿಗಿಂತ ಕೆಳಗಿಳಿದ ಕೂಡಲೇ ಗಾಳಿಯು ಒಳಹೊಕ್ಕು ಸೈಫನ್ ಮುರಿಯುತ್ತದೆ. ಪಾಚಿಯೋ ಸುಣ್ಣವೋ ಈ ತೂತನ್ನು ಮುಚ್ಚದಂತೆ ಹದಿನೈದು ದಿವಸಕ್ಕೊಮ್ಮೆ ನೋಡುತ್ತಿರಬೇಕು. ಕೊಳವೆ ಬಾವಿಯ ಗಡಸು ನೀರನ್ನು ಬಳಸುವವರಂತೂ ಇದನ್ನು ಮರೆಯಕೂಡದು. ನೀರು ಹಿಂದಿರುಗದಂತೆ ತಡೆಯುವ ವಾಲ್ವು ಪೇಟೆಯಲ್ಲಿ ದೊರೆಯುವುದು ನಿಜ. ಆದರೆ ಒಂದು ಎಲೆಯ ತುಣುಕೋ ಒಂದು ಬಸವನಹುಳುವೋ ಸಿಕ್ಕಿಕೊಂಡರೆ ಅದು ಪೂರ್ತಿಯಾಗಿ ಮುಚ್ಚಿಕೊಳ್ಳದು. ಅದೊಂದನ್ನೇ ನಂಬಿ ಕೂರುವುದು ವಿವೇಕವಲ್ಲ.

ಗಾಜನ್ನು ಕೊರೆಯದೆ ತೊಟ್ಟಿಯ ಅಂಚಿನ ಮೇಲೆ ಸೈಫನ್ ಪೆಟ್ಟಿಗೆಯನ್ನು ನೇತುಹಾಕಿ ನೀರಿಳಿಸುವ ಉಪಾಯವೂ ಬಳಕೆಯಲ್ಲಿದೆ. ಅದರ ಬಾಗಿದ ಕೊಳವೆಯಲ್ಲಿ ಗಾಳಿ ಸೇರಿದರೆ ಕೆಳಗಿಳಿಯುವ ನೀರು ನಿಲ್ಲುತ್ತದೆ, ಪಂಪಾದರೋ ನೀರನ್ನು ಮೇಲಕ್ಕೆ ಸುರಿಯುತ್ತಲೇ ಇರುತ್ತದೆ. ಕರೆಂಟು ಹೋಗಿ ಬರುವ ಊರುಗಳಲ್ಲಿ ಅದಕ್ಕಿಂತ ಕೊರೆದ ಕೋಡಿಯೇ ಮೇಲು.

ಯಾವ ಗಾಜು?— ಕೊರೆಯಬಹುದಾದುದು ಸಾದಾ ಗಾಜು ಮಾತ್ರ. ಪೇಟೆಯಲ್ಲಿ ಟಫನ್ಡ್ ಗ್ಲಾಸ್ ಎಂದು ಕರೆಯಲ್ಪಡುವ ಗಟ್ಟಿಗೊಳಿಸಿದ ಗಾಜನ್ನು ಯಾವ ಬೈರಿಗೆಯಿಂದಲೂ ಕೊರೆಯಲಾಗದು. ಈ ಗಾಜನ್ನು ತಯಾರಿಸುವಾಗ ಚೆನ್ನಾಗಿ ಕಾಯಿಸಿ ಎರಡು ಮುಖಗಳನ್ನೂ ಗಾಳಿಯಿಂದ ತಟ್ಟನೆ ತಣಿಸುತ್ತಾರೆ. ಹೊರಪದರಗಳು ಮೊದಲು ಗಟ್ಟಿಯಾಗಿ, ಒಳಭಾಗವು ಆಮೇಲೆ ತಣಿದು ಕುಗ್ಗಲೆಳಸುವುದರಿಂದ, ಹೊರಪದರಗಳು ಸದಾ ಅದುಮಲ್ಪಟ್ಟೂ ಒಳಭಾಗವು ಸದಾ ಎಳೆಯಲ್ಪಟ್ಟೂ ಇರುತ್ತವೆ. ಇದರಿಂದಲೇ ಆ ಗಾಜಿಗೆ ಬಲ. ಬೈರಿಗೆಯು ಹೊರಪದರವನ್ನು ದಾಟಿ ಎಳೆತದಲ್ಲಿರುವ ಒಳಭಾಗವನ್ನು ಮುಟ್ಟಿದೊಡನೆ ಈ ಸಮತೂಕವು ಕೆಟ್ಟು ಇಡೀ ಹಲಗೆಯು ಕ್ಷಣಮಾತ್ರದಲ್ಲಿ ಸಾವಿರ ಚೂರಾಗುತ್ತದೆ. ಇಂತಹ ಗಾಜಿಗೆ ರಂಧ್ರ ಬೇಕಾದಲ್ಲಿ ಕಾಯಿಸುವುದಕ್ಕೆ ಮುಂಚೆಯೇ ಕಾರ್ಖಾನೆಯಲ್ಲಿ ಕೊರೆಯಿಸಿರಬೇಕು.

ಸಿದ್ಧವಾಗಿ ದೊರೆಯುವ ತೊಟ್ಟಿಗಳಲ್ಲಿ ಪಕ್ಕದ ಗಾಜುಗಳು ಸಾದಾ ಆಗಿದ್ದು ತಳದ ಗಾಜು ಮಾತ್ರ ಗಟ್ಟಿಗೊಳಿಸಿದುದಾಗಿರುವುದುಂಟು. ಹಳೆಯ ಮೇಜಿನ ಗಾಜು, ಸ್ನಾನಗೃಹದ ಬಾಗಿಲಿನ ಗಾಜು ಇವುಗಳನ್ನು ಕೊಂಡು ತೊಟ್ಟಿ ಕಟ್ಟುವವರು ವಿಶೇಷವಾಗಿ ಎಚ್ಚರಿಕೆಯಿಂದಿರಬೇಕು. ಗಾಜಿನ ಮೂಲೆಯಲ್ಲಿ ತಯಾರಕರ ಸಣ್ಣ ಮುದ್ರೆ ಇದ್ದರೆ ಸಾಧಾರಣವಾಗಿ ಅದು ಗಟ್ಟಿಗೊಳಿಸಿದ ಗಾಜು. ಮುದ್ರೆಯಿಲ್ಲದ ಮಾತ್ರಕ್ಕೆ ಸಾದಾ ಎಂದು ನಿಶ್ಚಯಿಸಲಾಗದು. ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕಂಪ್ಯೂಟರಿನ ಎಲ್.ಸಿ.ಡಿ. ಪರದೆಯನ್ನು ಪೂರ್ತಿ ಬಿಳಿಯಾಗಿ ಬೆಳಗಿಸಿ, ಅದರ ಮುಂದೆ ಗಾಜನ್ನು ಹಿಡಿದು, ಪೋಲರಾಯ್ಡ್ ತಂಪು ಕನ್ನಡಕದ ಮೂಲಕ ನೋಡತಕ್ಕದ್ದು. ಪರದೆಯು ಕಪ್ಪಾಗಿ ಕಾಣುವವರೆಗೆ ಕನ್ನಡಕವನ್ನು ತಿರುಗಿಸಬೇಕು. ಆಗ ಸಾದಾ ಗಾಜು ಒಂದೇ ಸಮನಾಗಿ ಕಪ್ಪಾಗಿಯೇ ಉಳಿಯುತ್ತದೆ. ಗಟ್ಟಿಗೊಳಿಸಿದ ಗಾಜಿನಲ್ಲಿ, ಮುಖ್ಯವಾಗಿ ಅಂಚು ಮೂಲೆಗಳ ಬಳಿ, ಬೆಳಕಿನ ಪಟ್ಟೆಗಳೂ ಮಚ್ಚೆಗಳೂ ಕಾಣಿಸುತ್ತವೆ. ಒತ್ತಡಕ್ಕೆ ಸಿಕ್ಕಿದ ಗಾಜು ಬೆಳಕಿನ ಮೇಲೆ ಈ ಪರಿಣಾಮವನ್ನು ತೋರುವುದೆಂಬುದನ್ನು ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 19ನೆಯ ಶತಮಾನದ ಆದಿಯಲ್ಲಿಯೇ ಕಂಡುಹಿಡಿದಿದ್ದನು. ಪರೀಕ್ಷೆಯ ಮೇಲೆಯೂ ಸಂಶಯ ಉಳಿದರೆ ಕೊರೆಯದಿರುವುದೇ ಲೇಸು.

ಅಂಚಿನಿಂದ ದೂರ.— ಗಾಜು ಅದುಮುವ ಬಲವನ್ನು ಚೆನ್ನಾಗಿ ತಡೆಯುತ್ತದೆ, ಎಳೆಯುವ ಬಲವನ್ನು ತಡೆಯಲಾರದು. ಎಳೆಯಲ್ಪಡುವ ಹಲಗೆಯೊಂದರಲ್ಲಿ ಗುಂಡಾದ ರಂಧ್ರವಿದ್ದರೆ ರಂಧ್ರದ ಅಂಚಿನಲ್ಲಿ ಎಳೆತವು ಬೇರೆ ಕಡೆಗಿಂತ ಮೂರರಷ್ಟಾಗುವುದೆಂದು ಜರ್ಮನಿಯ ಕಿರ್ಷ್ ಎಂಬ ಎಂಜಿನಿಯರನು 1898ರಲ್ಲಿಯೇ ಗಣಿತದಿಂದ ತೋರಿಸಿದನು. ಗಾಜು ತನ್ನ ಸಹಜ ಬಲಕ್ಕಿಂತ ಬಹಳ ಕಡಮೆ ಎಳೆತಕ್ಕೇ ಮುರಿಯಲು ಅದರ ಮೈಮೇಲಿನ, ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳೇ ಕಾರಣವೆಂದು 1920ರಲ್ಲಿ ಇಂಗ್ಲೆಂಡಿನ ಗ್ರಿಫಿತ್ ಎಂಬಾತನು ಸಿದ್ಧಪಡಿಸಿದನು. ಈ ಎರಡು ಸಂಗತಿಗಳೂ ಕೂಡಿದರೆ ಕೊರೆಯುವವನು ಅನುಸರಿಸತಕ್ಕ ನಿಯಮಗಳು ತಾವಾಗಿಯೇ ಹೊರಡುತ್ತವೆ. ರಂಧ್ರವು ಗಾಜಿನ ಅಂಚಿಗೆ ಹತ್ತಿರವಾಗಿರಬಾರದು. ರಂಧ್ರದ ಅಂಚು ಚಕ್ಕೆ ಎದ್ದು ಒರಟಾಗಿರಬಾರದು.

ರಂಧ್ರದ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕಡಮೆಯೆಂದರೆ ರಂಧ್ರದ ವ್ಯಾಸದಷ್ಟು ದೂರವನ್ನು ಬಿಡುವುದು ವಾಡಿಕೆ. 45 ಎಂ.ಎಂ. ರಂಧ್ರವಾದರೆ ಗಾಜಿನ ಅಂಚಿನಿಂದ ರಂಧ್ರದ ನಡುಮಧ್ಯಕ್ಕೆ 68 ಎಂ.ಎಂ.ಗಿಂತ ಕಡಮೆ ಇರಕೂಡದು. ಎರಡು ರಂಧ್ರಗಳ ನಡುವೆಯೂ ಇದೇ ಲೆಕ್ಕ. ಹೀಗೆ ಕೆಳಗಿಳಿಸಿ ಕೊರೆದರೆ ನೀರಿನ ಮಟ್ಟವೂ ಬಹಳ ಕೆಳಗಿಳಿಯುವುದಲ್ಲ ಎಂದು ಕೆಲವರು ಶಂಕಿಸಬಹುದು. ತೊಟ್ಟಿಯ ಒಳಬದಿಯಲ್ಲಿ ಮೇಲ್ಮುಖವಾಗಿ ಎಲ್ಬೋ ಒಂದನ್ನು ಜೋಡಿಸಿದರೆ ಅದರ ಬಾಯಿಯೇ ಕೋಡಿಯ ಅಂಚಾಗುತ್ತದೆ. ಅದನ್ನು ಓರೆಯಾಗಿ ತಿರುಗಿಸುವುದರಿಂದ ನೀರಿನ ಮಟ್ಟವನ್ನು ಬೇಕಾದಂತೆ ಏರಿಸಬಹುದು, ಇಳಿಸಬಹುದು.

ಉಪಕರಣಗಳು.— ಮೊದಲು ಕೊಳ್ಳತಕ್ಕದ್ದು ಬೈರಿಗೆಯನ್ನಲ್ಲ, ರಂಧ್ರದಲ್ಲಿ ಕೂರಿಸುವ ಜೋಡಣೆಯನ್ನು. ಮಹಡಿಯ ನೀರಿನ ಟ್ಯಾಂಕಿಗೆ ಕೊಳಾಯಿಯವರು ಹಾಕುವ, ಅಂಗಡಿಗಳಲ್ಲಿ ಟ್ಯಾಂಕ್ ನಿಪ್ಪಲ್ ಎಂದು ಕೇಳಿದರೆ ಕೊಡುವ ಪ್ಲಾಸ್ಟಿಕ್ ಜೋಡಣೆಯೇ ಇಲ್ಲಿಗೂ ಸಾಕು. ಒಂದು ಅಂಗುಲದ ನಿಪ್ಪಲ್ಲಿಗೆ ಒಂದು ಅಂಗುಲದ ರಂಧ್ರವೆಂದು ತಿಳಿಯುವುದು ತಪ್ಪು. ಒಂದು ಅಂಗುಲವೆಂಬುದು ಕೊಳವೆಯ ಅಳತೆ. ಗಾಜಿನ ಮೂಲಕ ಹಾಯುವ ತಿರುಪಿನ ಭಾಗವು ಅದಕ್ಕಿಂತ ಬಹಳ ದಪ್ಪವಾಗಿದ್ದು, ತಯಾರಕರಿಂದ ತಯಾರಕರಿಗೆ ವ್ಯತ್ಯಾಸವಾಗುತ್ತದೆ. ಆ ಭಾಗದ ಹೊರವ್ಯಾಸವನ್ನು ಅಳೆದು, ಅದಕ್ಕಿಂತ ಒಂದೆರಡು ಎಂ.ಎಂ. ಮಾತ್ರ ಹೆಚ್ಚಿನ ಬೈರಿಗೆಯನ್ನು ತರಬೇಕು. ಹಿತ್ತಾಳೆ ಜೋಡಣೆಗಳು ನೋಟಕ್ಕೆ ಭದ್ರವಾಗಿ ಕಂಡರೂ ಅವುಗಳಿಂದ ತಾಮ್ರದ ಅಂಶವು ನೀರಿಗಿಳಿದು ಸಿಗಡಿ, ಬಸವನಹುಳುಗಳಿಗೆ ವಿಷವಾಗುವುದರಿಂದ ಅವನ್ನು ಬಳಸಬಾರದು.

ಬೈರಿಗೆಯು ಬಳೆಯಾಕಾರದ್ದಾಗಿದ್ದು ಬಾಯಿಯ ಸುತ್ತ ವಜ್ರದ ಪುಡಿ ಹಿಡಿದಿರುವಂತಹದಾಗಿರಬೇಕು. ಅಡುಗೆಮನೆಯ ಗ್ರಾನೈಟ್ ಚಪ್ಪಡಿಗೆ ನಲ್ಲಿಯ ರಂಧ್ರ ಕೊರೆಯುವವರಲ್ಲಿ ಇದೇ ಬಗೆಯ ಬೈರಿಗೆಯನ್ನು ಕಾಣಬಹುದು. ವಜ್ರದಿಂದ ಕೊರೆಯುವ ವಿದ್ಯೆಯು ಭಾರತಕ್ಕೆ ಹೊಸದೇನೂ ಅಲ್ಲ. ಗುಜರಾತಿನ ಖಂಭಾತಿನ ಮಣಿಗಾರರು ತುದಿಯಲ್ಲಿ ವಜ್ರದ ಹರಳುಗಳನ್ನು ಕೂರಿಸಿದ ಬೈರಿಗೆಯನ್ನು ಬಿಲ್ಲಿನಿಂದ ತಿರುಗಿಸಿ, ತೊಟ್ಟುತೊಟ್ಟಾಗಿ ನೀರು ಬಿಡುತ್ತ, ಗಾಜಿಗಿಂತಲೂ ಗಟ್ಟಿಯಾದ ಅಕೀಕದ ಮಣಿಗಳಿಗೆ ರಂಧ್ರ ಮಾಡುತ್ತಾರೆ. ವಜ್ರವು ಗಾಜನ್ನು ಕಡಿಯುವುದಿಲ್ಲ, ತೇಯುತ್ತದೆ. ತೇಯುವಲ್ಲಿ ಶಾಖ ಹುಟ್ಟುತ್ತದೆ. ಶಾಖವು ಒಂದೇ ಕಡೆ ಸೇರಿದರೆ ಗಾಜು ಅಲ್ಲಿ ಮಾತ್ರ ಹಿಗ್ಗಿ ಬಿರಿಯುತ್ತದೆ. ನೀರು ಅವಶ್ಯಕವಾಗಿರುವುದು ಇದಕ್ಕೋಸ್ಕರ. ಅಲ್ಲದೆ ನೀರು ಗಾಜಿನ ಪುಡಿಯನ್ನು ಕೊಚ್ಚಿಕೊಂಡು ಹೋಗುತ್ತದೆ, ಅದು ಧೂಳಾಗಿ ಎದ್ದು ಕಣ್ಣಿಗೂ ಶ್ವಾಸಕ್ಕೂ ಸೇರುವುದನ್ನು ತಪ್ಪಿಸುತ್ತದೆ.

ನೀರೂ ವಿದ್ಯುತ್ತೂ ಒಂದೆಡೆ ಕೂಡುವ ಕೆಲಸವಾದುದರಿಂದ ಬ್ಯಾಟರಿಯಿಂದ ತಿರುಗುವ ಡ್ರಿಲ್ ಯಂತ್ರವು ಉತ್ತಮ. ತಂತಿಯುಳ್ಳ ಯಂತ್ರವೇ ಗತಿಯಾದರೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ರಕ್ಷಕ ಸ್ವಿಚ್ಚಿನ ಮೂಲಕವೇ ಅದಕ್ಕೆ ಕರೆಂಟು ಕೊಡತಕ್ಕದ್ದು. ಗೋಡೆ ಕೊರೆಯುವಾಗ ಬಳಸುವ, ಗುದ್ದುತ್ತ ತಿರುಗುವ ಏರ್ಪಾಡನ್ನು ತಪ್ಪದೆ ನಿಲ್ಲಿಸಿರಬೇಕು. ಒಂದೇ ಗುದ್ದಿಗೆ ಗಾಜು ಒಡೆಯುವುದು ನಿಶ್ಚಯ.

ಕೊರೆಯುವ ಕ್ರಮ.— ತೊಟ್ಟಿಯನ್ನು ಕಟ್ಟಿಸುವುದಕ್ಕೆ ಮೊದಲೇ ಹಲಗೆಯನ್ನು ಕೊರೆಯಿಸಿದರೆ ಸರ್ವೋತ್ತಮ. ಒಂದು ಹಲಗೆ ಒಡೆದರೆ ಇನ್ನೊಂದನ್ನು ತರಬಹುದು. ಕಟ್ಟಿದ ತೊಟ್ಟಿಯಾದರೆ ಅದನ್ನು ಬರಿದು ಮಾಡಿ, ಕೊರೆಯತಕ್ಕ ಹಿಂಬದಿಯು ಮೇಲಾಗುವಂತೆ ಹಳೆಯ ರಜಾಯಿಯ ಮೇಲೋ ಥರ್ಮಾಕೋಲಿನ ಮೇಲೋ ಮಲಗಿಸಬೇಕು. ರಂಧ್ರ ಬರತಕ್ಕ ಸ್ಥಳದ ಒಳಮುಖಕ್ಕೆ ಅಗಲವಾದ ಅಂಟುಪಟ್ಟಿಯನ್ನು ಎರಡು ಮೂರು ಪದರ ಅಂಟಿಸಬೇಕು. ಕೊನೆಯಲ್ಲಿ ಗಾಜಿನ ಬಿಲ್ಲೆಯು ಕೆಳಗೆ ಬಿದ್ದು ಎದುರಿನ ಗಾಜನ್ನು ಒಡೆಯುವುದೂ, ಒಳಮುಖದಲ್ಲಿ ಚಕ್ಕೆ ಏಳುವುದೂ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ.

ಬಳೆಯಾಕಾರದ ಬೈರಿಗೆಗೆ ನಡುವೆ ಮೊನೆಯಿಲ್ಲದಿರುವುದರಿಂದ ಆರಂಭದಲ್ಲಿ ಅದು ಜಾರಾಡುತ್ತದೆ. ತೆಳುವಾದ ಪ್ಲೈವುಡ್ ತುಂಡಿನಲ್ಲಿ ಅದೇ ಅಳತೆಯ ರಂಧ್ರವೊಂದನ್ನು ಮಾಡಿ, ಆ ತುಂಡನ್ನು ಗಾಜಿನ ಮೇಲೆ ಎರಡು ಬದಿಯೂ ಅಂಟುವ ಪಟ್ಟಿಯಿಂದ ಕೂರಿಸಿಕೊಂಡರೆ ಬೈರಿಗೆಯು ಅಲುಗದು. ಅದರ ಸುತ್ತ ಜೇಡಿಮಣ್ಣಿನಿಂದ ಸಣ್ಣ ಬದುವನ್ನು ಕಟ್ಟಿ ನೀರು ನಿಲ್ಲಿಸಬೇಕು. ಗಣೇಶನ ವಿಗ್ರಹಕ್ಕೆ ಉಪಯೋಗಿಸುವಂತಹ ನಯವಾದ, ಕಲ್ಲುಮರಳಿಲ್ಲದ ಮಣ್ಣು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಯಂತ್ರವನ್ನು ಮೆಲ್ಲಗೆ ತಿರುಗಿಸತಕ್ಕದ್ದು, 45 ಎಂ.ಎಂ. ಬೈರಿಗೆಗೆ ನಿಮಿಷಕ್ಕೆ 400ರಿಂದ 600 ಸುತ್ತು ಸಾಕು. ಕೈಯ ಬಲವನ್ನು ಸೇರಿಸದೆ ಹೆಚ್ಚುಕಡಮೆ ಯಂತ್ರದ ತೂಕದಿಂದಲೇ ಬೈರಿಗೆಯು ಇಳಿಯುವಂತೆ ಬಿಡಬೇಕು. ನಿಮಿಷಕ್ಕೆ ಒಂದು ಎಂ.ಎಂ. ಇಳಿದರೆ ಅದು ಒಳ್ಳೆಯ ವೇಗವೇ; 8 ಅಥವಾ 10 ಎಂ.ಎಂ. ಗಾಜಿಗೆ ಹತ್ತು ನಿಮಿಷವೆಂಬ ಲೆಕ್ಕವು ಇದರಿಂದ ಬಂದುದು. ಅರ್ಧ ನಿಮಿಷಕ್ಕೊಮ್ಮೆ ಬೈರಿಗೆಯನ್ನು ಸ್ವಲ್ಪ ಮೇಲೆತ್ತಿ ಬಳೆಯೊಳಕ್ಕೆ ಹೊಸ ನೀರು ಸೇರಲು ಅವಕಾಶ ಕೊಡಬೇಕು. ನೀರು ಹಾಲಿನಂತೆ ಬೆಳ್ಳಗಾಗುವುದು ಕೆಲಸ ಸರಿಯಾಗಿ ನಡೆಯುತ್ತಿರುವ ಚಿಹ್ನೆ. ಅದು ಕೆಸರಿನಂತೆ ಮಂದವಾದರೆ ಬದಲಿಸಬೇಕು. ಕೀರಲು ಶಬ್ದ ಹೆಚ್ಚಿದರೆ ನೀರು ಸಾಲದೆಂದೋ ಬೈರಿಗೆಯ ವಜ್ರ ಸವೆದಿದೆಯೆಂದೋ ತಿಳಿಯಬೇಕು. ಅಗ್ಗದ ಬೈರಿಗೆಗಳಲ್ಲಿ ವಜ್ರವು ಒಂದೇ ತೆಳುಪದರವಾಗಿದ್ದು ಕೆಲವೇ ರಂಧ್ರಗಳಿಗೆ ಸವೆದುಹೋಗುತ್ತದೆ. ಸವೆದ ಬೈರಿಗೆಯನ್ನು ಬಲದಿಂದ ಅದುಮುವುದೇ ಗಾಜು ಒಡೆಯಲು ಅತ್ಯಂತ ಸಾಮಾನ್ಯವಾದ ಕಾರಣ.

ಕೊನೆಯ ಒಂದೆರಡು ಎಂ.ಎಂ. ಬಹು ನಾಜೂಕಿನವು. ಆಗ ಯಂತ್ರದ ತೂಕವನ್ನೂ ಅರ್ಧದಷ್ಟು ಕೈಯಲ್ಲಿ ಹಿಡಿದು ಇಳಿಸಬೇಕು. ಬೇಗ ಮುಗಿಸುವ ಆತುರವು ಮನುಷ್ಯನಿಗೆ ಹುಟ್ಟುವುದೂ ಸರಿಯಾಗಿ ಈ ಘಟ್ಟದಲ್ಲಿಯೇ! ಇವೆಲ್ಲಕ್ಕೂ ಮೊದಲು ಅದೇ ದಪ್ಪದ ನಿರುಪಯುಕ್ತ ಗಾಜಿನ ತುಂಡೊಂದರಲ್ಲಿ ಎರಡು ರಂಧ್ರಗಳನ್ನು ಕೊರೆದು ಕೈ ಪಳಗಿಸಿಕೊಂಡವರಿಗೆ ತೊಂದರೆ ಕಡಮೆ. ಸ್ವತಃ ಮಾಡಲೊಲ್ಲದವರು ಗಾಜಿನ ಅಂಗಡಿಯಲ್ಲಿಯೇ ಕೊರೆಯಿಸಬಹುದು. ಆದರೆ ಕಟ್ಟಿದ ತೊಟ್ಟಿಯು ಒಡೆದರೆ ನಷ್ಟ ಯಾರದೆಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಅಂಚನ್ನು ನುಣುಪು ಮಾಡಿ ಜೋಡಿಸುವುದು.— ರಂಧ್ರದ ಎರಡು ಅಂಚುಗಳನ್ನೂ ಒದ್ದೆ ವಾಟರ್‌ಪೇಪರಿನಿಂದ ಉಜ್ಜಿ ಹರಿತವನ್ನು ಮುರಿಯಬೇಕು. ಸೂಕ್ಷ್ಮ ಬಿರುಕುಗಳೇ ಗಾಜಿನ ಶತ್ರುಗಳೆಂಬ ಸಂಗತಿಯು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಕಪ್ಪೆಚಿಪ್ಪಿನಾಕಾರದ ಸಣ್ಣ ಚಕ್ಕೆ ಎದ್ದಿದ್ದು ಅದು ವಾಷರಿನಡಿಯಲ್ಲಿ ಮರೆಯಾಗುವಂತಿದ್ದರೆ ಚಿಂತೆಯಿಲ್ಲ. ರಂಧ್ರದಿಂದ ಹೊರಕ್ಕೆ ಓಡುವ ಗೆರೆಯಂತಹ ಬಿರುಕು ಒಂದೇ ಒಂದಿದ್ದರೂ ಆ ಗಾಜನ್ನು ತ್ಯಜಿಸತಕ್ಕದ್ದು. ಅಂಟು ಹಾಕಿ ಅದನ್ನು ಉಳಿಸಲಾಗದು. ನೀರು ತುಂಬಿದ ದಿನವಲ್ಲದಿದ್ದರೆ ಆರು ತಿಂಗಳ ಮೇಲೆ ಅದು ಬೆಳೆಯುತ್ತದೆ.

ನಿಪ್ಪಲ್ಲಿನ ಅಗಲವಾದ ತಲೆಯು ತೊಟ್ಟಿಯ ಒಳಬದಿಗೂ, ನಟ್ಟು ಹೊರಬದಿಗೂ ಬರಬೇಕು. ರಬ್ಬರು ವಾಷರು ತಲೆಗೂ ಗಾಜಿಗೂ ನಡುವೆ, ಎಂದರೆ ನೀರಿರುವ ಬದಿಯಲ್ಲಿ, ಇರತಕ್ಕದ್ದು. ನಟ್ಟನ್ನು ಕೈಯಿಂದ ಬಿಗಿಯುವಷ್ಟು ಬಿಗಿದು, ಆಮೇಲೆ ಕಾಲು ಸುತ್ತು ಮಾತ್ರ ತಿರುಗಿಸಿದರೆ ಸಾಕು. ಕೊಳಾಯಿ ಕೆಲಸದವರು ಕಬ್ಬಿಣದ ಕೊಳವೆಗೆ ಹಾಕುವ ಬಲವನ್ನು ಅಭ್ಯಾಸದಿಂದ ಇಲ್ಲಿಯೂ ಹಾಕುವುದುಂಟು. ಆದುದರಿಂದ ಈ ಕೆಲಸವನ್ನು ಅವರಿಗೆ ಒಪ್ಪಿಸುವವರು ಹತ್ತಿರ ನಿಂತು ನೋಡಿಕೊಳ್ಳಬೇಕು. ಕೆಳಗಿಳಿಯುವ ಕೊಳವೆಯ ಭಾರವು ಗಾಜಿನ ಮೇಲೆ ಬೀಳದಂತೆ ಅಟ್ಟಣಿಗೆಗೆ ಹಿಡಿಕೆಗಳಿಂದ ಬಿಗಿಯಬೇಕು. ಒಂದು ಯೂನಿಯನ್ ಜೋಡಣೆಯನ್ನು ಸೇರಿಸಿಟ್ಟರೆ ಮುಂದೆ ತೊಟ್ಟಿಯನ್ನು ಕದಲಿಸುವಾಗ ಕೊಳವೆಯನ್ನು ಕೊಯ್ಯಬೇಕಾಗಿ ಬಾರದು.

ಅನಂತರ ತೊಟ್ಟಿಯನ್ನು ಹೊರಗೆ ಸಮತಟ್ಟಾದ ಸ್ಥಳದಲ್ಲಿಟ್ಟು, ರಂಧ್ರದ ಕೆಳಗೆ ವೃತ್ತಪತ್ರಿಕೆಯನ್ನು ಹಾಸಿ, ನೀರನ್ನು ತುಂಬಿ ಒಂದು ದಿವಸವೆಲ್ಲ ಬಿಡಬೇಕು. ಒಂದು ಹನಿ ಬಿದ್ದರೂ ಕಾಗದವು ಸಾಕ್ಷಿ ಹೇಳುತ್ತದೆ. ಸೋರಿಕೆ ಕಂಡರೆ ನಟ್ಟನ್ನು ಮತ್ತಷ್ಟು ಬಿಗಿಯುವುದಕ್ಕಿಂತ ಕಳಚಿ ವಾಷರಿನಡಿಯಲ್ಲಿ ಗಾಜಿನ ಪುಡಿ ಸಿಕ್ಕಿದೆಯೇ ಎಂದು ನೋಡುವುದು ಮೇಲು. ಎಲ್ಲವೂ ಸ್ವಸ್ಥಾನದಲ್ಲಿ ಕೂತ ಮೇಲೆ, ಮೀನುಗಳನ್ನು ಬಿಡುವುದಕ್ಕೆ ಮೊದಲು, ಪಂಪನ್ನು ಬೇಕೆಂದೇ ನಿಲ್ಲಿಸಿ ಸಂಪಿನಲ್ಲಿ ನೀರು ಎಲ್ಲಿಯವರೆಗೆ ಏರುವುದೆಂದು ನೋಡತಕ್ಕದ್ದು. ಪಂಪು ಓಡುವಾಗ ಸಂಪಿನ ನೀರು ಮೀರಕೂಡದ ಮಟ್ಟಕ್ಕೆ ಬಣ್ಣದಿಂದ ಗೆರೆ ಎಳೆದಿಡಬೇಕು. ಪಂಪಿನ ತಂತಿಯು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಅನಂತರ ಮೇಲೇರುವಂತಿದ್ದರೆ, ತಂತಿಯ ಗುಂಟ ಇಳಿಯುವ ನೀರು ಪ್ಲಗ್ಗನ್ನು ಸೇರದೆ ಕೆಳಗೆ ತೊಟ್ಟಿಕ್ಕುತ್ತದೆ.

ಸಾಲು ತೊಟ್ಟಿಗಳಿಗೆ ವಿಶೇಷ ಸೂಚನೆಗಳು.— ಒಂದು ಅಂಗುಲದ ಕೋಡಿಯು ಗಂಟೆಗೆ ಸುಮಾರು 2,000 ಲೀಟರ್ ನೀರನ್ನು ಇಳಿಸಬಲ್ಲದೆಂದು ಅಂದಾಜು. ಪಂಪು ಅದಕ್ಕಿಂತ ಕಡಮೆ ನೀರೆತ್ತುವಂತಹದಾಗಿರಬೇಕು. ಗಪ್ಪಿಯ ಹೊಸ ಮರಿಗಳು ಒಂದು ಸೆಂಟಿಮೀಟರಿಗಿಂತಲೂ ಚಿಕ್ಕವು. ಕೋಡಿಯ ಬಾಯಿಗೆ ಸ್ಪಂಜನ್ನೋ ಸಣ್ಣ ಕಣ್ಣಿನ ಬಲೆಯನ್ನೋ ಕಟ್ಟದಿದ್ದರೆ ಬೆಳಗಾಗುವುದರೊಳಗೆ ಅವೆಲ್ಲ ಸಂಪಿನಲ್ಲಿರುತ್ತವೆ. ಆದರೆ ಸ್ಪಂಜು ಕಸದಿಂದ ಕಟ್ಟಿಕೊಂಡರೆ ಕೋಡಿಯೇ ಮುಚ್ಚಿದಂತಾಗಿ ನೀರು ತೊಟ್ಟಿಯ ಅಂಚನ್ನು ಮೀರುತ್ತದೆ. ಹೀಗಾಗಿ ಪ್ರತಿ ತೊಟ್ಟಿಗೂ ಎರಡನೆಯ ರಂಧ್ರವೊಂದು ಇರುವುದು ಕ್ಷೇಮ. ಅದರ ಎಲ್ಬೋವಿನ ಬಾಯಿಯನ್ನು ಮೊದಲನೆಯದಕ್ಕಿಂತ ಎರಡು ಸೆಂಟಿಮೀಟರ್ ಎತ್ತರದಲ್ಲಿಟ್ಟು ಯಾವ ಬಲೆಯನ್ನೂ ಕಟ್ಟದೆ ಬಿಡಬೇಕು. ವರ್ಷದಲ್ಲಿ ಒಂದು ದಿನ ಮಾತ್ರ ಅದರಲ್ಲಿ ನೀರು ಹರಿದರೂ ಅದರ ವೆಚ್ಚವು ಸಾರ್ಥಕ.

ಒಂದೇ ಸಂಪಿಗೆ ಸೇರಿದ ಹನ್ನೆರಡು ತೊಟ್ಟಿಗಳು ರೋಗದ ವಿಷಯದಲ್ಲಿ ಒಂದೇ ತೊಟ್ಟಿಯಿದ್ದಂತೆ. ಒಂದರಲ್ಲಿ ಬಿಳಿಚುಕ್ಕೆಯ ರೋಗ ಕಾಣಿಸಿದರೆ ಉಳಿದವುಗಳಿಗೂ ನೀರಿನ ಮೂಲಕ ಹರಡುತ್ತದೆ. ಒಂದಕ್ಕೆ ಹಾಕಿದ ಔಷಧಿಯೂ ಎಲ್ಲಕ್ಕೂ ಸೇರುತ್ತದೆ. ಹೊರಗಿನಿಂದ ತಂದ ಮೀನುಗಳನ್ನು ಎರಡು ಮೂರು ವಾರ ಇಡುವುದಕ್ಕೆ ಈ ಸಾಲಿಗೆ ಸೇರದ, ರಂಧ್ರವಿಲ್ಲದ, ಬೇರೆಯೇ ತೊಟ್ಟಿಯೊಂದು ಇರಲೇಬೇಕು. ಇದನ್ನು ಅಲಕ್ಷ್ಯ ಮಾಡುವವರು ಜೋಡು ತೊಟ್ಟಿಗಳ ಏರ್ಪಾಡಿಗೆ ಕೈಹಾಕದಿರುವುದೇ ವಾಸಿ.

ನೀರಿನ ಉಳಿತಾಯವೂ ಗಮನಾರ್ಹವಾದುದು. ಬೆಂಗಳೂರಿಗೆ 1974ರಿಂದ ಬರುತ್ತಿರುವ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳಿಂದ ಏರಿಸಿ ತರಬೇಕಾಗಿದೆ. 2024ರ ಬೇಸಗೆಯಲ್ಲಿ ಅನೇಕ ಕೊಳವೆ ಬಾವಿಗಳು ಬತ್ತಿ, ವಾಹನ ತೊಳೆಯಲೂ ಕೈತೋಟಕ್ಕೂ ಕುಡಿಯುವ ನೀರನ್ನು ಬಳಸಿದವರಿಗೆ 5,000 ರೂಪಾಯಿ ದಂಡವು ಗೊತ್ತುಮಾಡಲ್ಪಟ್ಟಿತ್ತು. ಅಂತಹ ದಿನಗಳಲ್ಲಿ ತೊಟ್ಟಿಗಳನ್ನು ಬರಿದು ಮಾಡಿ ತೊಳೆಯುವ ಪದ್ಧತಿಯನ್ನು ಯಾರೂ ಸಮರ್ಥಿಸಲಾರರು. ಸಂಪಿನ ಏರ್ಪಾಡಿನಲ್ಲಿ ವಾರಕ್ಕೊಮ್ಮೆ ಒಟ್ಟು ನೀರಿನ ಹತ್ತನೆಯ ಒಂದು ಭಾಗವನ್ನೋ ಐದನೆಯ ಒಂದು ಭಾಗವನ್ನೋ ಸಂಪಿನಿಂದಲೇ ತೆಗೆದು, ಅಷ್ಟನ್ನೇ ಹೊಸದಾಗಿ ತುಂಬಿದರೆ ಸಾಕಾಗುತ್ತದೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಒಂದು ದಿವಸ ತೆರೆದ ಪಾತ್ರೆಯಲ್ಲಿ ಗಾಳಿಯಾಡಿಸಿಯೋ ಪೇಟೆಯಲ್ಲಿ ದೊರೆಯುವ ನಿವಾರಕವನ್ನು ಹಾಕಿಯೋ ಉಪಯೋಗಿಸತಕ್ಕದ್ದು. ಉಪ್ಪು ಅಥವಾ ಔಷಧಿ ಬೆರೆಸದಿದ್ದ ಪಕ್ಷದಲ್ಲಿ, ತೆಗೆದ ಹಳೆಯ ನೀರು ಸಾರಜನಕದ ಅಂಶದಿಂದ ಕೂಡಿರುವುದರಿಂದ ಮಹಡಿಯ ಕುಂಡಗಳಲ್ಲಿನ ಟೊಮ್ಯಾಟೊ, ಬದನೆ, ಸೊಪ್ಪಿನ ಗಿಡಗಳಿಗೆ ಒಳ್ಳೆಯ ಆಹಾರ.

ರಬ್ಬರು ವಾಷರು ಕೆಲವು ವರ್ಷಗಳಲ್ಲಿ ಗಡುಸಾಗಿ ಅಂಚುಗಳಲ್ಲಿ ಬಿರಿಯುತ್ತದೆ. ನಟ್ಟಿನ ಸುತ್ತ ಬಿಳಿಯ ಸುಣ್ಣದ ಉಂಗುರ ಕಟ್ಟುತ್ತಿದ್ದರೆ ಅಲ್ಲಿ ನೀರು ಜಿನುಗಿ ಆರುತ್ತಿದೆಯೆಂದು ತಿಳಿದು, ತೊಟ್ಟಿಯ ನೀರನ್ನು ರಂಧ್ರಕ್ಕಿಂತ ಕೆಳಗಿನವರೆಗೆ ಮಾತ್ರ ಇಳಿಸಿ, ಹೊಸ ವಾಷರನ್ನು ಹಾಕಬಹುದು. ರಂಧ್ರವು ಮೇಲ್ಭಾಗದಲ್ಲಿದ್ದರೆ ಮೀನುಗಳನ್ನು ತೊಟ್ಟಿಯಲ್ಲಿಯೇ ಬಿಟ್ಟು ಈ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಬಹುದು.